ಬಲ ಇಂದೆ ೪

ಪೆನ್ನು ಕಾಗದಕ್ಕೆ ತಾಗುವುದರೊಳಗೆ ಕೈಸರ್ ಅದನ್ನು ಸಿದ್ದಯ್ಯನ ಬೆರಳುಗಳಿಂದ ಕಿತ್ತುಕೊಂಡ.

"ಇದರಲ್ಲಿ ಏನು ಬರೆದಿದೆ ಅಂತ ಗೊತ್ತಾ ನಿಮಗೆ?"

"ಜರ್ಮನ್ ಓದಕ್ಕೆ ನಂಗೆಲ್ಲಿ ಬತ್ತದಪ್ಪಾ?" ಸಿದ್ದಯ್ಯ ಗ್ರೀಸು ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಉಂಟರ್‌ಸ್ರಿಫ್ಟ್ ಅಂತಾರಲ್ಲ, ಆ ರುಜು ಆಕುದ್ರೆ ಮಗು ಫೈನಲ್ ಓಡಿಸ್ಬೋದು ಅಂದ್ರು. ಅಷ್ಟು ಸಾಕು. ಪೆನ್ ಕೊಡು."

ಕೈಸರ್ ಕಾಗದ ಎತ್ತಿ, ಅದರಲ್ಲಿದ್ದದ್ದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದ: ಮೆಕ್ಯಾನಿಕ್ ಆದ ನಾನು, ಚಾಲಕಿಗೆ ತಿಳಿಯದ ಹಾಗೆ, ಕಾರಿನ ಬಲ ಹಿಂಬದಿಯ ಟಯರಿಗೆ ನಿಷೇಧಿತ ಎಣ್ಣೆ ಬಳಿದದ್ದು ನಿಜ. ಇನ್ನು ಸಾಯುವತನಕ ಯಾವ ಟ್ರ್ಯಾಕಿಗೂ ಕಾಲಿಡುವುದಿಲ್ಲ.

"ಕಳ್ಳ ಅಂತ ಒಪ್ಕೊಂಡ ಹಾಗೆ. ಆಯ್ತಾ? ಈಗ ಬೇಕಾ ಪೆನ್ನು?"

ಐವತ್ತೊಂಬತ್ತು ವರ್ಷದ ಸಿದ್ದಯ್ಯ ಕಾಗದವನ್ನೊಮ್ಮೆ ನೋಡಿದ. ಆಮೇಲೆ ಮತ್ತೆ ಕೈ ಚಾಚಿದ.

"ಕೊಡು."

ಶನಿವಾರದ ಸುತ್ತು ಮುಗಿದ ಮೇಲೆ ಚಾಲಕಿ ಲಿಯೋನಾಳ ಕಾರಿನಿಂದ ಬಿಚ್ಚಿದ ಟಯರಿನಲ್ಲಿ ರಬ್ಬರು ಮೆತ್ತಗಾಗಿಸುವ ಎಣ್ಣೆ ಸಿಕ್ಕಿತ್ತು. ಮೆತ್ತಗಾದ ರಬ್ಬರು ಮಣ್ಣನ್ನು ಹೆಚ್ಚು ಕಚ್ಚಿ ಹಿಡಿಯುತ್ತದೆ. ಅದು ಮೋಸ. ಭಾನುವಾರ ಮಧ್ಯಾಹ್ನ ಮೂರಕ್ಕೆ ಫೈನಲ್. ಈಗ ಗಂಟೆ ಒಂದೂವರೆ. ಮೆಕ್ಯಾನಿಕ್ ತಪ್ಪೊಪ್ಪಿಕೊಂಡರೆ ಅವನೊಬ್ಬ ಹೊರಗೆ. ಒಪ್ಪಿಕೊಳ್ಳದಿದ್ದರೆ ಕಾರೂ ಹೊರಗೆ, ಚಾಲಕಿಯೂ ಹೊರಗೆ.

ಮೇಜಿನಾಚೆ ಕೂತಿದ್ದವಳು ಸ್ಪರ್ಧಾ ಸಮಿತಿಯ ಮುಖ್ಯಸ್ಥೆ ಫ್ರಾವ್ ಬ್ರೆಂಡೆಲ್. ಬೆಳ್ಳಿ ಕೂದಲು, ಸೀಟಿ ಕಟ್ಟಿದ ದಾರ ಕೊರಳಲ್ಲಿ.

"ಆ ಟಯರನ್ನು ಒಂದು ಸಲ ನೋಡಬೇಕು," ಎಂದು ಕೈಸರ್ ಜರ್ಮನ್‌ನಲ್ಲಿ ಕೇಳಿದ.

"ನೀವು ಯಾರು?"

"ಕೈಸರ್. ಪತ್ತೇದಾರ. ಲಿಯೋನಾ ಕರೆಸಿದ್ದಾಳೆ."

ಬಾಗಿಲಲ್ಲಿದ್ದ ಕಾವಲುಗಾರ ಕಿಸಕ್ಕೆಂದು ನಕ್ಕ. ಈ ದೇಶದಲ್ಲಿ ಆ ಹೆಸರಿಗೆ ಚಕ್ರವರ್ತಿ ಎಂದರ್ಥ. ಮೈಸೂರಿನ ಮಂಡಿ ಮೊಹಲ್ಲಾದ ಹುಡುಗ, ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು, ಡಾರ್ಮ್‌ಸ್ಟಾಟ್‌ನ ಟ್ರಾಮ್ ಸ್ಟಾಪಿನ ಮೇಲಿನ ಒಂದು ಕೋಣೆಯಲ್ಲಿ ಕೂತು ಪತ್ತೇದಾರಿ ಮಾಡುವವನು. ಅವನಿಗೆ ಈ ನಗು ಹೊಸದಲ್ಲ. ಆದರೂ ಪ್ರತಿ ಸಲ ಕಿವಿ ಬಿಸಿಯಾಗುತ್ತಿತ್ತು.

"ಹತ್ತು ನಿಮಿಷ, ಚಕ್ರವರ್ತಿಗಳೇ," ಎಂದಳು ಫ್ರಾವ್ ಬ್ರೆಂಡೆಲ್. ಅವಳು ನಗಲಿಲ್ಲ. ಅದಕ್ಕೇ ಕೈಸರ್‌ಗೆ ಅವಳ ಮೇಲೆ ಅಷ್ಟು ಸಿಟ್ಟು ಬರಲಿಲ್ಲ.

*

ಸ್ಪ್ರಿಂಟ್ ಕಾರ್ ಎಂದರೆ ಚಕ್ರಗಳ ಮೇಲೆ ಕಟ್ಟಿದ ಒಂದು ಕೋಪ. ಒಬ್ಬರು ಮಾತ್ರ ಕೂರಬಹುದಾದ ಕಬ್ಬಿಣದ ಪಂಜರ, ಮುಂದೆ ಒಂಬೈನೂರು ಕುದುರೆ ಶಕ್ತಿಯ ಎಂಜಿನ್, ನೆತ್ತಿಯ ಮೇಲೆ ಮಂಚದಗಲದ ರೆಕ್ಕೆ. ತಾನಾಗಿ ಸ್ಟಾರ್ಟ್ ಆಗುವುದಿಲ್ಲ, ಹಿಂದಿನಿಂದ ಪಿಕಪ್ ಗಾಡಿ ತಳ್ಳಬೇಕು. ಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೆ ಮಾತ್ರ ತಿರುಗುತ್ತ ಓಡುತ್ತದೆ. ಅದಕ್ಕಾಗಿಯೇ ಅದರ ಚಕ್ರಗಳು ಒಂದರಂತೆ ಒಂದಿಲ್ಲ. ಬಲ ಹಿಂದಿನದು ಎಲ್ಲಕ್ಕಿಂತ ದೊಡ್ಡದು. ಗುರುತು ತಪ್ಪಿ ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಕಾರು ನೇರ ಗೋಡೆಗೆ.

ಹಾಗಾಗಿ ಸಿದ್ದಯ್ಯ ಪ್ರತಿ ಟಯರಿನ ಮೇಲೂ ಹಳದಿ ಬಣ್ಣದಲ್ಲಿ ಬರೆಯುತ್ತಿದ್ದ. ಎಡವೋ ಬಲವೋ, ಮುಂದೋ ಹಿಂದೋ, ಎಷ್ಟನೆಯದು. ಕನ್ನಡದಲ್ಲೇ ಬರೆಯುತ್ತಿದ್ದ. ಬೇರೆ ಯಾವ ಭಾಷೆಯಲ್ಲೂ ಅವನಿಗೆ ಬರೆಯಲು ಬರುತ್ತಿರಲಿಲ್ಲ.

ಮುದ್ರೆ ಹಾಕಿದ ತಂತಿಯ ಗೂಡಿನೊಳಗೆ ಆ ಟಯರ್ ಒಂಟಿಯಾಗಿ ನಿಂತಿತ್ತು.

"ನಿಮ್ಮದೇನಾ?" ಕೈಸರ್ ಕೇಳಿದ.

"ನಂದೇ ಕಣಪ್ಪಾ. ನನ್ ಬಣ್ಣ. ನಾನೇ ಬಿಗಿದಿದ್ದು ಕಾರಿಗೆ. ಮುಟ್ದಾಗ ಒಸಿ ಮೆತ್ತಗಿದೆ ಅನ್ನುಸ್ತು. ಬಿಸ್ಲಿಗೇನೋ ಅಂದ್ಕೊಂಡೆ. ಆದ್ರೆ ಎಣ್ಣೆ ಮಾತ್ರ..." ಸಿದ್ದಯ್ಯ ಅಡ್ಡಡ್ಡ ತಲೆಯಾಡಿಸಿದ.

"ಏನು ಬರೆದಿದೆ ಓದಿ."

"ಬಲ ಇಂದೆ ನಾಕು."

ಕೈಸರ್ ಟಯರ್ ನೋಡಿದ. ಸಿದ್ದಯ್ಯನನ್ನು ನೋಡಿದ. ಮತ್ತೆ ಟಯರ್ ನೋಡಿದ.

"ಇನ್ನೊಂದ್ಸಲ ಓದಿ."

"ಕಣ್ ಕಾಣಕಿಲ್ವಾ ನಿಂಗೆ? ಬಲ, ಇಂದೆ, ನಾಕು."

ಗೂಡಿನೊಳಗಿನ ಟಯರಿನ ಮೇಲೆ ಬೇರೆಯೇ ಇತ್ತು. ಚಂದದ ದುಂಡು ಅಕ್ಷರ. *ಬಲ ಹಿಂದೆ ೪.* ಅಂಕಿಯ ಪಕ್ಕ ಒಂದು ಹಳದಿ ಚುಕ್ಕೆ. ಬಣ್ಣ ತೊಟ್ಟಿಕ್ಕಿರಬೇಕು ಎಂದುಕೊಂಡ ಕೈಸರ್. ಆದರೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

ಹದಿನೈದನೇ ವಯಸ್ಸಿನಲ್ಲಿ ಅವನು ಪಂಚರ್ ಅಂಗಡಿಗೆ ಬರೆದ ಬೋರ್ಡು ನೆನಪಾಗಿತ್ತು. *ಇಲ್ಲಿ ಪಂಚರ್ ಆಕಲಾಗುವುದು.* ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬೈಕ್ ನಿಲ್ಲಿಸಿ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಟ್ಯೂಬು ಬಿಚ್ಚಿ ನೀರಿಗೆ ಅದ್ದಿ ತೂತು ಹುಡುಕಿ ಪ್ಯಾಚ್ ಹಾಕಿದವನ ಕೈಯನ್ನು ಒಬ್ಬನೂ ನೋಡಲಿಲ್ಲ. ಆ 'ಹ' ಇಲ್ಲದ್ದನ್ನು ಮಾತ್ರ ನೋಡಿದರು. ಆ ಬೋರ್ಡನ್ನು ಅವನು ಕೊನೆಯವರೆಗೂ ತಿದ್ದಲಿಲ್ಲ, ಹಟಕ್ಕೆ.

"ಲಿಯೋನಾ!" ಕೈಸರ್ ಕೂಗಿದ. "ನಿಮ್ಮ ಲಾರಿಯಲ್ಲಿ ಹಿಂಬದಿಯ ಹಳೇ ಟಯರ್ ಎಷ್ಟಿವೆ?"

*

ಇಪ್ಪತ್ತಮೂರು ಇದ್ದವು.

ಇಪ್ಪತ್ತಮೂರನ್ನೂ ಲಿಯೋನಾ ತಾನೇ ಉರುಳಿಸಿಕೊಂಡು ಬಂದಳು. ರೇಸಿನ ಅಂಗಿಯ ತೋಳುಗಳನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಎಡ ಭುಜದಿಂದ ಮೊಣಕೈವರೆಗೆ ಹೊಲಿಗೆಯ ಗುರುತು. ಹೋದ ವರ್ಷ ಇದೇ ಲಿಂಡೆನ್‌ಹಾಗ್ ಟ್ರ್ಯಾಕಿನ ಮೂರನೇ ತಿರುವಿನಲ್ಲಿ ಕಾರು ಐದು ಪಲ್ಟಿ ಹೊಡೆದಿತ್ತು. ಭುಜದೊಳಗೆ ಉಕ್ಕಿನ ಪಟ್ಟಿ ಕೂರಿಸಿದರು. ಏಳನೇ ವಾರಕ್ಕೆ ಅದೇ ತಿರುವಿನಲ್ಲಿ ಇಬ್ಬರನ್ನು ಹಿಂದೆ ಹಾಕಿ ನಾಲ್ಕನೇ ಸಲ ಚಾಂಪಿಯನ್ ಆದಳು.

ನಾಲ್ಕು ಸಲ! ಮಂಗಳೂರಿನಿಂದ ಜರ್ಮನಿಯ ಫೊಯರ್‌ಬಾಕ್‌ಗೆ ಬಂದ ಕಾರ್ಖಾನೆ ನೌಕರ ಇಗ್ನೇಶಿಯಸ್ ಮಥಾಯಸ್‌ನ ಮಗಳು. ಎಂಟನೇ ವಯಸ್ಸಿಗೆ ಗೋ-ಕಾರ್ಟ್ ಹತ್ತಿದಳು. ಅಪ್ಪನ ಜೊತೆ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದ ಮಂಡ್ಯ ಕಡೆಯ ಸಿದ್ದಯ್ಯ ಆ ಕಾರ್ಟನ್ನು ಭಾನುವಾರಗಳಲ್ಲಿ ಬಿಚ್ಚಿ ಜೋಡಿಸುತ್ತಿದ್ದ. ಹತ್ತೊಂಬತ್ತಕ್ಕೆ ಮೊದಲ ಸ್ಪ್ರಿಂಟ್ ಕಾರ್. ಆಗ ಕಾರು ಸಜ್ಜುಗೊಳಿಸುವ ಪಿಟ್ಟಿನಲ್ಲಿ ಒಬ್ಬ ಚಾಲಕ ಅವಳನ್ನು ಕಾಫಿ ತರಲು ಕಳಿಸಿದ. ಅವಳು ತಂದುಕೊಟ್ಟಳು. ಆಮೇಲೆ ಟ್ರ್ಯಾಕಿಗೆ ಇಳಿದು ಅವನನ್ನು ಎರಡು ಸುತ್ತು ಹಿಂದೆ ಬಿಟ್ಟಳು. ಕಾಫಿ ಆರುವ ಮೊದಲೇ ರೇಸು ಮುಗಿದಿತ್ತು ಎಂದು ಸಿದ್ದಯ್ಯ ಇವತ್ತಿಗೂ ಹೇಳುತ್ತಾನೆ. ಇಪ್ಪತ್ತೆರಡಕ್ಕೆ ಮೊದಲ ಕಿರೀಟ. ಇಪ್ಪತ್ತೊಂಬತ್ತಕ್ಕೆ ನಲವತ್ತೊಂದು ಫೈನಲ್ ಗೆಲುವು. ಪ್ರತಿ ಸಲವೂ ಅವಳ ನಟ್ಟು ಬಿಗಿದದ್ದು ಒಂದೇ ಕೈ.

"ಎಲ್ಲಾನೂ ತಂದೆ ಕೈಸರ್. ಈಗ ಏನ್ ಮಾಡ್ಬೇಕು ಏಳು," ಎಂದಳು ಲಿಯೋನಾ.

ಅವಳ ಕನ್ನಡ ಕೇಳಿದರೆ ಮೊದಲ ಸಲ ಎಲ್ಲರೂ ಬೆಚ್ಚುತ್ತಾರೆ. ಮನೆಯಲ್ಲಿ ಕೊಂಕಣಿ, ಹೊರಗೆ ಜರ್ಮನ್. ಕನ್ನಡ ಕಲಿತದ್ದು ಕಾರಿನ ಕೆಳಗೆ, ಸಿದ್ದಯ್ಯನ ಪಕ್ಕ ಮಲಗಿ. ಹಾಗಾಗಿ ಅವಳ ಬಾಯಲ್ಲೂ 'ಹ' ಹುಟ್ಟಲಿಲ್ಲ. ಓದಲಂತೂ ಬರುವುದೇ ಇಲ್ಲ.

ಟಯರುಗಳನ್ನು ಸಾಲಾಗಿ ಮಲಗಿಸಿದರು. ತುದಿಯಲ್ಲಿ ಮುದ್ರೆ ಹಾಕಿದ ಗೂಡು.

"ಫ್ರಾವ್ ಬ್ರೆಂಡೆಲ್, ನಿಮಗೆ ನಮ್ಮ ಲಿಪಿ ಬರುವುದಿಲ್ಲ. ಒಳ್ಳೆಯದೇ ಆಯಿತು. ಓದಬೇಡಿ, ನೋಡಿ," ಎಂದ ಕೈಸರ್. "ಎರಡನೇ ಪದದ ಮೊದಲ ಅಕ್ಷರ. ಅದೊಂದೇ."

ಅವಳು ಬಗ್ಗಿ ನೋಡುತ್ತ ನಡೆದಳು. ಬಲ ಇಂದೆ. ಎಡ ಇಂದೆ. ಬಲ ಇಂದೆ. ಮೂರು ವರ್ಷದ ಹಿಂದಿನ ಟಯರಿನಲ್ಲೂ ಅದೇ. ಗೂಡಿನ ಮುಂದೆ ಬಂದು ನಿಂತಳು. ಕನ್ನಡಕ ಸರಿಮಾಡಿಕೊಂಡಳು. ಹಿಂದಕ್ಕೆ ಹೋಗಿ ಮತ್ತೆ ಒಂದರಿಂದ ಶುರುಮಾಡಿದಳು.

"ಇದು ಬೇರೆ," ಎಂದಳು.

"ಬೇರೆ. ಸಿದ್ದಯ್ಯ ಓದಿದ್ದು ನಾಲ್ಕನೇ ಕ್ಲಾಸು. ಮಾತಾಡುವ ಹಾಗೆ ಬರೆಯುತ್ತಾರೆ. ಇಪ್ಪತ್ತೊಂದು ವರ್ಷದಿಂದ ಒಂದೇ ತಪ್ಪು. ಇಲ್ಲಿರುವ ಇಪ್ಪತ್ತಮೂರರಲ್ಲೂ ತಪ್ಪು. ಈ ಒಂದರಲ್ಲಿ ಮಾತ್ರ ಸರಿಯಾಗಿದೆ."

ಅವನ ದನಿ ತಾನಾಗಿ ಏರಿತು.

"ಸರಿಯಾಗಿರುವುದರಿಂದಲೇ ಇದು ಅವರದ್ದಲ್ಲ!"

ಲಿಯೋನಾ ಓಡಿಹೋಗಿ ಗ್ಯಾಲರಿಯ ಹತ್ತಿರ ನಿಂತಿದ್ದ ಅಪ್ಪನ ಕೈಯಿಂದ ತನ್ನ ಹೆಲ್ಮೆಟ್ ತಂದಳು. ಪ್ರತಿ ರೇಸಿನಲ್ಲೂ ಇಗ್ನೇಶಿಯಸ್‌ನದು ಅದೊಂದೇ ಕೆಲಸ. ಹೆಲ್ಮೆಟ್ ಹಿಡಿದುಕೊಂಡು ನಿಲ್ಲುವುದು, ಮಗಳು ಕಾರು ಹತ್ತುವಾಗ ಶಿಲುಬೆಯ ಗುರುತು ಹಾಕಿ ಕೊಡುವುದು. ಹೆಲ್ಮೆಟ್ಟಿನ ಹಿಂಭಾಗದಲ್ಲಿ ಹಳದಿ ಅಕ್ಷರ. *ಎಲ್ಲಾ ಇಂದೆ.* ಮೊದಲ ಸಲ ಚಾಂಪಿಯನ್ ಆದ ದಿನ ಸಿದ್ದಯ್ಯ ಬರೆದದ್ದು. ಎಲ್ಲರೂ ಹಿಂದೆ, ಇವಳು ಮುಂದೆ. ಟೀವಿಯವರು ಅರ್ಥ ಕೇಳಿದಾಗ ಲಿಯೋನಾ ಜರ್ಮನ್‌ನಲ್ಲಿ "ಆಲೆ ಹಿಂಟೆನ್" ಎಂದಿದ್ದಳು. ಪಕ್ಕದಲ್ಲಿದ್ದ ಸಿದ್ದಯ್ಯ ಬೆರಗಾಗಿ, "ನೋಡ್ದಾ, ಅವ್ರುದ್ದೂ ನಮ್ದೂ ಒಂದೇ ಮಾತು. ಇಂಟನ್, ಇಂದೆ!" ಎಂದಿದ್ದ.

ಫ್ರಾವ್ ಬ್ರೆಂಡೆಲ್ ಹೆಲ್ಮೆಟ್ಟಿನ ಅಕ್ಷರದ ಮೇಲೆ ಬೆರಳಿಟ್ಟಳು. ತಲೆಯಾಡಿಸಿದಳು.

"ಈ ಮನುಷ್ಯ ಅದನ್ನು ಬರೆದಿಲ್ಲ, ಒಪ್ಪಿದೆ. ಹಾಗಾದರೆ ಬರೆದವರು ಯಾರು? ಎರಡು ನಲವತ್ತಕ್ಕೆ ಪಟ್ಟಿ ಮುಚ್ಚುತ್ತೇನೆ. ಅಷ್ಟರೊಳಗೆ ಅವನನ್ನು ನನ್ನ ಮೇಜಿನ ಮುಂದೆ ನಿಲ್ಲಿಸಿ. ನಿಲ್ಲಿಸಿದರೆ ಚಾಲಕಿ, ಮೆಕ್ಯಾನಿಕ್ ಇಬ್ಬರೂ ಉಳಿಯುತ್ತಾರೆ. ಇಲ್ಲವಾದರೆ ಆ ಕಾಗದ ಇನ್ನೂ ಅಲ್ಲೇ ಇದೆ."

ಲಿಯೋನಾ ಸಿದ್ದಯ್ಯನನ್ನು ಬಾಚಿ ತಬ್ಬಿಕೊಂಡಳು. "ಸಿದ್ಮಾವ! ನಿನ್ ತಪ್ಪೇ ನಿನ್ನ ಉಳಿಸ್ತು ನೋಡು!"

ಸಿದ್ದಯ್ಯನ ಮುಖದಲ್ಲಿ ಮಾತ್ರ ನಗು ಮೂಡಲಿಲ್ಲ. ಅವನು ಗೂಡಿನ ಟಯರನ್ನೇ ನೋಡುತ್ತಿದ್ದ. ಮೊದಲ ಸಲ ಅಕ್ಷರ ಬಿಡಿಸಿ ಬಿಡಿಸಿ ಓದುತ್ತಿದ್ದವನ ಹಾಗೆ ತುಟಿ ಅಲುಗುತ್ತಿತ್ತು.

"ಅಂಗಾರೆ ಬರ್ದೋರು ಕನ್ನಡ ಬಲ್ಲೋರು," ಎಂದ ಮೆಲ್ಲಗೆ.

"ಹೌದು."

"ಓದ್ದೋರು."

"ಹೌದು ಸಿದ್ದಯ್ಯನವರೇ."

ಸಿದ್ದಯ್ಯ ತಲೆ ಎತ್ತಿ ಒಂದು ಸಲ ಗ್ಯಾಲರಿಯ ಕಡೆ ನೋಡಿದ. ತಕ್ಷಣ ಮುಖ ತಿರುಗಿಸಿ ಸ್ಪ್ಯಾನರ್ ಹುಡುಕತೊಡಗಿದ. ಸ್ಪ್ಯಾನರ್ ಅವನ ಜೇಬಿನಲ್ಲೇ ಇತ್ತು.

ಕೈಸರ್ ಅದನ್ನು ನೋಡಿದ. ಅದರ ಅರ್ಥ ಹುಡುಕಲು ಆಗ ಅವನಿಗೆ ಪುರುಸೊತ್ತಿರಲಿಲ್ಲ.

*

ಬೆಳಿಗ್ಗೆಯಿಂದ ಎಲ್ಲರ ಅನುಮಾನ ಒಬ್ಬನ ಮೇಲೇ ಇತ್ತು. ಮೂರು ವರ್ಷ ಲಿಯೋನಾಳ ಹಿಂದೆಯೇ ಎರಡನೆಯವನಾಗಿ ಬಂದ ಹೋಲ್ಗರ್. ಟಯರ್ ಬದಲಿಸಿ ಗುರುತು ನಕಲು ಮಾಡಿಸಿರಬೇಕು ಎಂದು ಪಿಟ್ಟಿನಲ್ಲಿ ಎಲ್ಲರ ಮಾತು.

ಕೈಸರ್ ಆ ಹೆಸರನ್ನು ಮನಸ್ಸಿನಿಂದ ಅಳಿಸಿದ. ಕನ್ನಡ ಬಾರದವನು ನಕಲು ಮಾಡಿದರೆ ಕಂಡದ್ದನ್ನು ಕಂಡ ಹಾಗೇ ಬರೆಯುತ್ತಾನೆ. ಚಿತ್ರ ಬಿಡಿಸಿದ ಹಾಗೆ. 'ಇ' ಇದ್ದರೆ 'ಇ'. ಅದನ್ನು 'ಹಿ' ಮಾಡಬೇಕಾದರೆ ಅದು ತಪ್ಪೆಂದು ಗೊತ್ತಿರಬೇಕು. ಗೊತ್ತಿದ್ದವನ ಕೈ ತಿದ್ದದೆ ಇರಲಾರದು.

ಈ ಟ್ರ್ಯಾಕಿನಲ್ಲಿ ಕನ್ನಡ ಬರೆಯಬಲ್ಲವರು ನಾಲ್ವರು. ಸಿದ್ದಯ್ಯ. ತಾನು. ಇಗ್ನೇಶಿಯಸ್, ಅವನು ಹೆಲ್ಮೆಟ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ನಾಲ್ಕನೆಯವನು ತಂಡದ ವ್ಯಾನಿನಲ್ಲಿ ಕೂತಿದ್ದ.

ಕೈಸರ್ ಗುರುತು ಹಾಕದ ಒಂದು ಹೊಸ ಟಯರ್ ಉರುಳಿಸಿಕೊಂಡು ವ್ಯಾನಿನ ಬಾಗಿಲಿಗೆ ಬಂದ.

ಅಕ್ಷತ್ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿದ. ಉಡುಪಿಯವನು, ಡಾರ್ಮ್‌ಸ್ಟಾಟ್‌ನಲ್ಲಿ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಈ ತಂಡದ ಲೆಕ್ಕಾಚಾರ ನೋಡುವವನು. ಎಂಜಿನ್ನಿನ ಬಿಸಿ, ಚಕ್ರದ ವೇಗ, ಎಲ್ಲ ಅವನ ಪರದೆಯ ಮೇಲೆ ಗೆರೆಗೆರೆಯಾಗಿ ಓಡುತ್ತಿತ್ತು.

"ಏನು ಗುರು, ಬಿಜಿನಾ?"

"ಎಂತ ಬಿಜಿ ಮಾರಾಯ, ಓಡುವುದೇ ಗ್ಯಾರಂಟಿ ಇಲ್ಲ. ಸಿಕ್ಕಿದನಾ ಕಳ್ಳ?"

"ಹತ್ತಿರ ಬಂದಿದೀನಿ. ಒಂದು ಸಣ್ಣ ಕೆಲಸ ಮಾಡ್ಕೊಡು. ಸಿದ್ದಯ್ಯನ ಕೈ ನಡುಗ್ತಿದೆ. ಇದರ ಮೇಲೆ ಗುರುತು ಹಾಕು. ಅವರು ಹಾಕೋ ಹಾಗೇ ಹಾಕ್ಬೇಕಂತೆ." ಕೈಸರ್ ಹಳದಿ ಮಾರ್ಕರ್ ಚಾಚಿದ. "ಬಲ ಇಂದೆ ಐದು."

ಅಕ್ಷತ್ ಇಳಿದು ಬಂದು ಕುಕ್ಕರುಗಾಲಲ್ಲಿ ಕೂತ. ಚಕಚಕನೆ ಬರೆದ. ಎದ್ದು ಮಾರ್ಕರಿನ ಮುಚ್ಚಳ ಹಾಕಿದ.

*ಬಲ ಹಿಂದೆ ೫.*

ಅಂಕಿಯ ಪಕ್ಕ ಒಂದು ಚುಕ್ಕೆ. ಬಣ್ಣ ತೊಟ್ಟಿಕ್ಕಿದ್ದಲ್ಲ. ಇಟ್ಟದ್ದು.

"ಇದೇನು?" ಕೈಸರ್ ಚುಕ್ಕೆ ತೋರಿಸಿದ.

"ಯಾವುದು? ಓ, ಅದು ಫುಲ್‌ಸ್ಟಾಪ್. ಅಭ್ಯಾಸ. ನಮ್ಮ ಅಪ್ಪ ಕನ್ನಡ ಮಾಷ್ಟ್ರು ಅಲ್ವಾ, ಬರೆದ ಮೇಲೆ ಚುಕ್ಕೆ ಇಡದಿದ್ರೆ ಕಿವಿ ಹಿಂಡ್ತಿದ್ರು." ಅಕ್ಷತ್ ನಕ್ಕ. "ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಿಪ್ಪತ್ತೈದರಲ್ಲಿ ನೂರಿಪ್ಪತ್ತನಾಲ್ಕು ನನಗೆ, ಗೊತ್ತುಂಟಾ?"

"ಒಂದು ಎಲ್ಲಿ ಹೋಯ್ತು?"

"ಅದೇ ಇವತ್ತಿಗೂ ಗೊತ್ತಾಗ್ಲಿಲ್ಲ ಮಾರಾಯ."

"ನನಗೆ ಗೊತ್ತಾಯ್ತು." ಕೈಸರ್ ಮೊಬೈಲು ತೆಗೆದು ಗೂಡಿನ ಟಯರಿನ ಫೋಟೋ ಅವನ ಮೂಗಿಗೆ ಹಿಡಿದ. "ನಾನು ಹೇಳಿದ್ದು ಇಂದೆ. ನೀನು ಬರೆದದ್ದು ಹಿಂದೆ. ಗೂಡಲ್ಲಿರೋ ಟಯರ್ ಮೇಲೂ ಅದನ್ನೇ ಮಾಡಿದೀಯ. ಚುಕ್ಕೆ ಸಮೇತ."

ಅಕ್ಷತ್‌ನ ನಗು ಅಲ್ಲೇ ನಿಂತಿತು. ಫೋಟೋ ನೋಡಿದ. ತಾನೀಗ ಬರೆದದ್ದನ್ನು ನೋಡಿದ.

"ಕೈಸರ್, ಕೇಳು..."

"ಮೊದಲು ನಾನು ಹೇಳ್ತೀನಿ, ನೀನು ಕೇಳು." ಕೈಸರ್ ಒಂದು ಹೆಜ್ಜೆ ಮುಂದೆ ಬಂದ. "ಆ ಮನುಷ್ಯ ಎಂಜಿನ್ ಶಬ್ದ ಕೇಳಿ ಯಾವ ವಾಲ್ವು ಅಂತ ಹೇಳ್ತಾನೆ. ನಿನ್ನ ಪರದೆ ಹೇಳೋ ಮೊದಲು. ನಾಲ್ಕು ಚಾಂಪಿಯನ್‌ಶಿಪ್ ಅವನ ಕೈಯಲ್ಲಿ ಹುಟ್ಟಿವೆ. ನೀನು ಎರಡು ವರ್ಷದಿಂದ ಅವನ ಹಿಂದೆ ನಿಂತು ಇಂದೆ, ಆಲು, ಓಗು ಅಂತ ಅಣಕಿಸ್ತೀಯ. ನನಗೆ ಲಿಯೋನಾ ಹೇಳಿದಾಳೆ."

"ತಮಾಷೆಗೆ ಅದು!"

"ನಗು ಬಂದದ್ದು ಯಾರಿಗೆ?"

ಟ್ರ್ಯಾಕಿನ ಕಡೆಯಿಂದ ನೀರಿನ ಟ್ಯಾಂಕರ್ ಮಣ್ಣು ತೋಯಿಸುತ್ತಿರುವ ಸದ್ದು. ಗಂಟೆ ಎರಡೂ ಇಪ್ಪತ್ತೆರಡು.

"ಬರೆದದ್ದು ನಾನೇ," ಎಂದ ಅಕ್ಷತ್ ಕೊನೆಗೆ. "ಆದ್ರೆ ಎಣ್ಣೆ ವಿಷಯ ನನಗೆ ಗೊತ್ತಿಲ್ಲ. ದೇವರಾಣೆ ಗೊತ್ತಿಲ್ಲ ಕೈಸರ್. ಶುಕ್ರವಾರ ಬಂದು, ಹಳೇ ನಾಲ್ಕನೇ ಟಯರ್ ಪಕ್ಕದಲ್ಲಿ ಸೀಳಿದೆ, ಇದು ಬದಲಿ, ಗುರುತು ಹಾಕಿ ಕೊಡು ಅಂದ್ರು. ಸಿದ್ದಯ್ಯನಿಗೆ ಹೇಳುವುದು ಬೇಡ, ಟಯರ್ ಸೀಳಿದ್ದು ಕೇಳಿದ್ರೆ ಸುಮ್ಮನೆ ನೊಂದುಕೊಳ್ತಾನೆ ಅಂದ್ರು. ಬರೆದುಕೊಟ್ಟೆ."

"ಎಣ್ಣೆ ಸಿಕ್ಕಿತು ಅಂತ ಗೊತ್ತಾದ ಮೇಲೆ ಯಾಕೆ ಬಾಯಿ ಬಿಡಲಿಲ್ಲ?"

"ಹೇಗೆ ಹೇಳುವುದು?" ಅಕ್ಷತ್‌ನ ದನಿ ಒಡೆಯಿತು. "ಬೇರೆ ಯಾರಾದ್ರೂ ಆಗಿದ್ರೆ ಹೇಳ್ತಿರ್ಲಿಲ್ವಾ? ಅವರು ಅಂಥದ್ದು ಮಾಡ್ಲಿಕ್ಕೆ ಸಾಧ್ಯವೇ ಇಲ್ಲ. ನಾನೇ ಏನೋ ತಪ್ಪು ತಿಳಿದಿರಬೇಕು ಅಂತ ನಿನ್ನೆ ರಾತ್ರಿಯಿಡೀ ನಿದ್ದೆ ಮಾಡಿಲ್ಲ."

"ಯಾರು?"

ಅಕ್ಷತ್ ಗ್ಯಾಲರಿಯ ಕಡೆ ನೋಡಿದ. ಸ್ವಲ್ಪ ಹೊತ್ತಿನ ಹಿಂದೆ ಸಿದ್ದಯ್ಯ ನೋಡಿದ ಜಾಗವನ್ನೇ.

ಕೈಸರ್‌ಗೆ ಹೆಸರು ಬರುವ ಮೊದಲೇ ಉತ್ತರ ಹೊಳೆಯಿತು.

"ಇಗ್ನೇಶಿಯಸ್ ಅಂಕಲ್," ಎಂದ ಅಕ್ಷತ್.

ಅಪ್ಪ! ಹೆಲ್ಮೆಟ್ ಹಿಡಿದು ನಿಲ್ಲುವ ಅಪ್ಪ. ಮಗಳ ನಲವತ್ತೊಂದು ಗೆಲುವಿನ ಪತ್ರಿಕೆ ಚೂರುಗಳನ್ನೂ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡ ಅಪ್ಪ. ಹೋದ ವರ್ಷ ಕಾರು ಪಲ್ಟಿ ಹೊಡೆದಾಗಿನಿಂದ ಮಗಳು ಇನ್ನು ಓಡಿಸದಿದ್ದರೆ ಸಾಕು ಎನ್ನುತ್ತಿದ್ದ ಅಪ್ಪ.

"ಎದ್ದೇಳು. ಬ್ರೆಂಡೆಲ್ ಮುಂದೆ ಬಂದು ಇಷ್ಟನ್ನೂ ಹೇಳ್ತೀಯ. ಈಗಲೇ."

ಆಗ ಧ್ವನಿವರ್ಧಕ ಕರ್ರೆಂದಿತು.

"ಫೈನಲ್‌ಗೆ ಅನುಮತಿ ಪಡೆದವರು. ಮೊದಲ ಸಾಲು, ನಂಬರ್ ಇಪ್ಪತ್ತನಾಲ್ಕು, ನಮ್ಮ ಲಿಯೋನಾ ಮಥಾಯಸ್!"

ಗ್ಯಾಲರಿ ಎದ್ದು ನಿಂತಿತು. ಆರು ಸಾವಿರ ಜನ ಒಂದೇ ಹೆಸರು ಕೂಗಿದರು. ಬೇರೆ ಯಾವ ದಿನವಾದರೂ ಆ ಕೂಗಿಗೆ ಕೈಸರ್‌ನ ಎದೆ ಉಬ್ಬುತ್ತಿತ್ತು. ಇವತ್ತು ಉಬ್ಬಲಿಲ್ಲ.

ತಾನಿನ್ನೂ ಯಾರನ್ನೂ ಮೇಜಿನ ಮುಂದೆ ನಿಲ್ಲಿಸಿಲ್ಲ. ಆದರೂ ಅವಳಿಗೆ ಅನುಮತಿ ಸಿಕ್ಕಿದೆ. ಅಂದರೆ ಆ ಕಾಗದ!

ಅವನು ಓಡಿದ.

*

"ತಡೆದೆ, ಕೇಳಲಿಲ್ಲ," ಎಂದಳು ಫ್ರಾವ್ ಬ್ರೆಂಡೆಲ್. ಮೇಜಿನ ಮೇಲೆ ಕಾಗದವಿತ್ತು. ಸಿದ್ದಯ್ಯನ ಸಹಿ ಇತ್ತು, ಗ್ರೀಸಿನ ಹೆಬ್ಬೆಟ್ಟಿನ ಗುರುತೂ ಇತ್ತು. "ಇನ್ನೂ ಹೊತ್ತಿದೆ, ನಿಮ್ಮ ಪತ್ತೇದಾರ ಬರಲಿ ಅಂದೆ. ಬೇಡ ಅಂದ. ನಗುತ್ತಲೇ ಸಹಿ ಹಾಕಿದ. ಗೇಟಿನ ಪಾಸು ಬಿಚ್ಚಿಟ್ಟು ಹೊರಗೆ ಹೋದ."

"ಅವರು ಬರೆದಿಲ್ಲ ಅಂತ ನೀವೇ ಒಪ್ಪಿದಿರಿ!"

"ಒಪ್ಪಿದೆ. ಎಣ್ಣೆ ಬಳಿದದ್ದು ನಾನೇ ಅಂತ ಅವನೇ ಎದೆ ಮುಟ್ಟಿ ಹೇಳಿದರೆ ನಾನೇನು ಮಾಡಲಿ? ಆದರೆ ಕೊನೆಗೆ ನಿಮ್ಮ ಲಿಪಿಯಲ್ಲಿ ಏನನ್ನೋ ಸೇರಿಸಿದ್ದಾನೆ. ಸಹಿ ಬಿದ್ದ ಕೂಡಲೇ ಚಾಲಕಿಯ ಹೆಸರು ಕೂಗಿಸಿದೆ, ಆದರೆ ಈ ಸಾಲು ಏನೆಂದು ತಿಳಿಯದೆ ಕಾಗದಕ್ಕೆ ಮುದ್ರೆ ಒತ್ತುವ ಹಾಗಿಲ್ಲ. ಓದಿ ಹೇಳಿ."

ಕೈಸರ್ ಕಾಗದ ಕೈಗೆತ್ತಿಕೊಂಡ. ಸಹಿಯ ಕೆಳಗೆ, ಟಯರಿನ ಮೇಲೆ ಬರೆಯುವಷ್ಟೇ ದಪ್ಪ ಅಕ್ಷರಗಳಲ್ಲಿ ಒಂದು ಸಾಲು.

*ಸುಕ್ರವಾರ ಟಯರ್ ಉಳ್ಳುಸ್ಕೊಂಡ್ ಓದೋರ್ನ ನಾನ್ ನೋಡಿವ್ನಿ. ಮಗೀಗೆ ಏಳಬ್ಯಾಡಿ.*

ಅವನು ಎರಡನೇ ಸಲ ಓದಿದ. ಟಯರ್ ಉರುಳಿಸಿಕೊಂಡು ಹೋದವನನ್ನು ಸಿದ್ದಯ್ಯ ಕಂಡಿದ್ದ, ಲಿಯೋನಾಳಿಗೆ ಹೇಳಬೇಡಿ ಎನ್ನುತ್ತಿದ್ದ. ಈ ಸಾಲನ್ನು ಯಾರೂ ನಕಲು ಮಾಡಲಾರರು. ನೂರಿಪ್ಪತ್ತನಾಲ್ಕು ಅಂಕ ತೆಗೆದವನಿಂದಲೂ ಆಗದು.

ಹೊರಗೆ ಪಿಕಪ್ ಗಾಡಿಗಳು ಒಂದೊಂದೇ ಕಾರನ್ನು ತಳ್ಳತೊಡಗಿದ್ದವು. ಎಂಜಿನ್ನುಗಳು ಒಂದರ ಹಿಂದೆ ಒಂದು ಹೊತ್ತಿಕೊಳ್ಳುತ್ತಿದ್ದವು. ಅಷ್ಟರಲ್ಲಿ ಬಾಗಿಲು ದಢಾರೆ ತೆರೆಯಿತು.

ಲಿಯೋನಾ. ಅಂಗಿಯ ಜಿಪ್ಪು ಕೊರಳವರೆಗೆ ಎಳೆದಿತ್ತು. ಕೈಗವಸು ಹಾಕಿದ್ದಳು. ತಲೆ ಮಾತ್ರ ಬರಿದು.

"ಸಿದ್ಮಾವ ಎಲ್ಲಿ? ಪಿಟ್ಟಲ್ಲಿ ಇಲ್ಲ. ಅವನು ನಟ್ ನೋಡ್ದೆ ನಾನು ಕಾರ್ ಅತ್ತಲ್ಲ." ಅವಳ ಕಣ್ಣು ಕಾಗದದ ಮೇಲೆ ಬಿತ್ತು. ಗ್ರೀಸು ಮೆತ್ತಿದ ಅಂಚು, ದಪ್ಪ ಅಕ್ಷರ. "ಇದು ಅವನ ಕೈ. ಏನ್ ಬರ್ದಿದಾನೆ? ಓದು ಕೈಸರ್."

ಕೈಸರ್‌ನ ಬೆರಳುಗಳು ಕಾಗದದ ಮೇಲೆ ಬಿಗಿದವು.

ಓದಿದರೆ ಸಿದ್ದಯ್ಯ ಉಳಿಯುತ್ತಾನೆ. ಓದಿದರೆ ಇವಳ ಅಪ್ಪ ಉಳಿಯುವುದಿಲ್ಲ.

"ಓದು! ನಂಗೆ ಬರಲ್ಲ ಅಂತ ಗೊತ್ತಲ್ವಾ ನಿಂಗೆ?"

ಅವಳ ಹಿಂದೆ ಬಾಗಿಲಲ್ಲಿ ಒಬ್ಬ ಬಂದು ನಿಂತಿದ್ದ. ಇಪ್ಪತ್ತೊಂದು ವರ್ಷದಿಂದ ನಿಂತ ಹಾಗೆಯೇ, ಎರಡೂ ಕೈಯಲ್ಲಿ ಹೆಲ್ಮೆಟ್ ಹಿಡಿದು. ಮಗಳ ಭುಜದ ಮೇಲಿನಿಂದ ಅವನ ನೋಟ ಕಾಗದದ ಕೊನೆಯ ಸಾಲಿನ ಮೇಲೆ ಒಂದು ಗಳಿಗೆ ನಿಂತು, ಮೆಲ್ಲಗೆ ಕೈಸರ್‌ನ ಮುಖಕ್ಕೆ ಬಂತು.

ಇಗ್ನೇಶಿಯಸ್‌ಗೆ ಕನ್ನಡ ಓದಲು ಬರುತ್ತಿತ್ತು.

ಅವನು ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ. *ಎಲ್ಲಾ ಇಂದೆ* ಎಂಬ ಅಕ್ಷರ ಎಲ್ಲರಿಗೂ ಕಾಣುವ ಹಾಗೆ. ಬಲಗೈ ಮುಂದೆ ಚಾಚಿದ.

"ಕಾಗದ ಇಲ್ಲಿ ಕೊಡು ಕೈಸರ್," ಎಂದ. "ಅವಳಿಗೆ ನಾನು ಓದಿ ಹೇಳ್ತೇನೆ."